ಡಾಕ್ಟರ್ ಬರುವ ತನಕ

ಕಳೆದ ವಾರ ಮರಾಠಿ ಸೀಮೆಯ ಗಡಿ ಊರು ವಲಾಂಡಿಯಲ್ಲಿ ನಮ್ಮ ಕಾಕು ಒಂದು ರೆಕಾರ್ಡೆಡ್ ದನಿಯ ಜೊತೆ ಜಗಳಕ್ಕೆ ಬಿದ್ದಳು. ದನದ ಡಾಕ್ಟರನ್ನು ಕರೆಸುವ ಸರಕಾರಿ ಫೋನಿನಲ್ಲಿ ಅದು ಮರಾಠಿಗೆ ಒಂದು ಒತ್ತಿ, ಹಿಂದಿಗೆ ಎರಡು ಒತ್ತಿ ಅನ್ನುತ್ತಿತ್ತು. ಕಾಕು ಕನ್ನಡದಲ್ಲಿ, "ಒತ್ತೋದು ಆಮ್ಯಾಗ ಆಗ್ಲಿ, ಮೊದ್ಲ ನನ್ ಮಾತು ಕೇಳವ್ವಾ" ಅನ್ನುತ್ತಿದ್ದಳು.

ಚಿಕ್ಕಪ್ಪನ ಹೆಂಡತಿ ಈಕೆ. ಮರಾಠಿ ಬರುವುದಿಲ್ಲ ಅಂದುಕೊಳ್ಳಬೇಡಿ. ಔರಾದ ಕಡೆಯಿಂದ ಸೊಸೆಯಾಗಿ ಬಂದು, ದೇವಣಿ ಸಂತೆಯಲ್ಲಿ ಮರಾಠಿಯಲ್ಲೇ ಚೌಕಾಶಿ ಮಾಡಿ ಕೂದಲು ನರೆಸಿಕೊಂಡವಳು. ಆದರೆ ಹೆದರಿದಾಗ ಬಾಯಿಗೆ ಬರುವುದು ಕನ್ನಡ. ಚೊಚ್ಚಲ ಕುರಿಯೊಂದು ಬೆಳಗಿನಿಂದ ತಿಣುಕುತ್ತಿತ್ತು. ಮರಿಯ ಒಂದು ಕಾಲು ಮಾತ್ರ ಹೊರಗೆ ಬಂದು ನಿಂತಿತ್ತು. ಆ ಮರಿಯನ್ನು ಹುಟ್ಟುವ ಮೊದಲೇ ಬೀರಪ್ಪ ದೇವರ ಹೆಸರಿಗೆ ಬಿಟ್ಟಿದ್ದಳು.

ಉದಗೀರದಿಂದ ಸುಮ್ಮನೆ ಮಾತಾಡಿಸಲು ಹೋಗಿದ್ದ ನಾನೇ ಫೋನ್ ಇಸಿದುಕೊಂಡು ಒಂದು ಒತ್ತಿದೆ. ಕೊನೆಗೂ ಒಬ್ಬಳು ಹುಡುಗಿ ಸಿಕ್ಕಳು. (ಪುಣೆಯಲ್ಲೋ ಎಲ್ಲೋ ಕೂತಿರಬೇಕು, ಊರ ಹೆಸರನ್ನು ಮತ್ತೆ ಮತ್ತೆ ಕೇಳಿದಳು.) ವ್ಯಾನ್ ಕಳಿಸುತ್ತೇವೆ, ಡಾಕ್ಟರ್ ಬರುವ ತನಕ ಯಾರೂ ಕೈ ಹಚ್ಚಬೇಡಿ ಅಂದಳು. ಅದನ್ನು ಕನ್ನಡದಲ್ಲಿ ಹೇಳಿದೆ. ಕಾಕು ಎಣ್ಣೆ ಸವರಿಕೊಂಡಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಕಾಯುವಾಗ ನನ್ನಂಥ ಅಂಕಣಕಾರನ ತಲೆ ಸುಮ್ಮನಿರುತ್ತದೆಯೇ? ಸೈಕಲ್ಲಿನ ಮೇಲೆ ಬರುತ್ತಿದ್ದ ಹಳೆಯ ದನದ ಡಾಕ್ಟರು ನೆನಪಾದರು. ಎಷ್ಟು ಚೆಂದ ಕನ್ನಡ ಮಾತಾಡುತ್ತಿದ್ದರು! ನಾಳಿನ ಸರಕಾರ ಅವರ ಹಾಗಿರಬೇಕು, ಗಡಿಯ ಆಫೀಸುಗಳಿಗೆ ಎರಡೂ ಭಾಷೆ ಬಲ್ಲವರನ್ನೇ ಹಾಕಬೇಕು ಎಂದು ಮನಸ್ಸಿನಲ್ಲೇ ಅರ್ಧ ಅಂಕಣ ಬರೆದು, ಕಾಕುಗೂ ಹೇಳಿದೆ.

"ಅಂವಗೆಲ್ಲಿ ಕನ್ನಡ ಬರ್ತಿತ್ತೋ ಹುಚ್ಚಾ?" ಅಂದಳು. "ಒಂದು ಅಕ್ಷರ ಬರ್ತಿದ್ದಿಲ್ಲ. ಕಟ್ಟಿ ಮ್ಯಾಲ ಕೂಡ್ತಿದ್ದ. ನಾವು ಹೇಳೋದು ಮುಗಿಯೋ ತನಾ ಏಳ್ತಿದ್ದಿಲ್ಲ."

ನನ್ನ ನೆನಪು ಆ ಮನುಷ್ಯನಿಗೆ ಕನ್ನಡ ಕಲಿಸಿಬಿಟ್ಟಿತ್ತು. (ಸೈಕಲ್ಲಾದರೂ ಇತ್ತೋ ಇಲ್ಲವೋ, ಕೇಳಲು ಧೈರ್ಯವಾಗಲಿಲ್ಲ.)

ಮಧ್ಯಾಹ್ನ ವ್ಯಾನ್ ಬಂತು. ತರುಣ ಡಾಕ್ಟರು, ಕೈ ಚುರುಕು. ಕುರಿ ಉಳಿಯಿತು. ಮರಿ ಸತ್ತೇ ಹುಟ್ಟಿತು. ಅವರು ಕೈ ತೊಳೆದು ಮೊಬೈಲಿನಲ್ಲಿ ಫೋಟೊ ಅಪ್‌ಲೋಡ್ ಮಾಡುತ್ತಿದ್ದಾಗ ಕಾಕು ಕನ್ನಡದಲ್ಲಿ ಏನೋ ಕೇಳಲು ಶುರು ಮಾಡಿದಳು. ಅವರು ನನ್ನ ಮುಖ ನೋಡಿದರು. ನಾನು ಮರಾಠಿಯಲ್ಲಿ ಬಾಯಿ ತೆರೆಯುವಷ್ಟರಲ್ಲಿ ಜಳಕೋಟದ ಕಡೆಯಿಂದ ಕರೆ ಬಂತು. ವ್ಯಾನ್ ಹೊರಟೇಬಿಟ್ಟಿತು. ಬೈಯುವುದಾದರೂ ಹೇಗೆ? ಅಲ್ಲೂ ಯಾವುದೋ ಜೀವ ಕಾಯುತ್ತಿತ್ತು.

ಮುಂದೆ ಆ ಫೋನು ಕನ್ನಡ, ಉರ್ದು, ಲಂಬಾಣಿ ಎಲ್ಲಾ ಕಲಿಯಬಹುದು. ಕಲಿಯಲಿ. ಕಟ್ಟೆಯ ಮೇಲೆ ಕೂಡುವುದನ್ನು ಅದಕ್ಕೆ ಯಾರು ಕಲಿಸುತ್ತಾರೆ?

ಕಾಕು ಸತ್ತ ಮರಿಯ ಮೈ ಒರೆಸುತ್ತ, ಡಾಕ್ಟರಿಗೆ ಕೇಳಲಾಗದ್ದನ್ನು ನನಗೆ ಕೇಳಿದಳು: "ನಾ ಆವಾಗನೇ ಕೈ ಹಾಕಿದ್ರ ಬದುಕ್ತಿತ್ತೇನೋ?"

ಸರಕಾರದ ಪರವಾಗಿ ನಾನೇ, "ಇಲ್ಲ ಕಾಕು, ಬದುಕ್ತಿದ್ದಿಲ್ಲ" ಅಂದೆ.