ಯಮನ ಸಿಂಹಾಸನದ ಮುಂದೆ ತೊಟ್ಟಿಲು

ಗೆಳೆಯರೇ, ಚಾಂಪಿಯನ್ ರೀಫ್ಸ್‌ನ ನಮ್ಮ ಪುಟ್ಟ ರಂಗಮಂದಿರವನ್ನು ನಾಮಕರಣ, ಸೀಮಂತಗಳಿಗೆ ಬಾಡಿಗೆ ಕೊಟ್ಟರೇನೇ ನಮ್ಮ ತಂಡದ ನಾಟಕ ನಡೆಯುವುದು. ಇವತ್ತು ಬೆಳಿಗ್ಗೆ ನಾಮಕರಣ, ಸಂಜೆ ನಾಟಕ. ಯಮನ ಸಿಂಹಾಸನವನ್ನು ನಿನ್ನೆಯೇ ವೇದಿಕೆಗೆ ಮೊಳೆ ಹೊಡೆದು ಕೂರಿಸಿಬಿಟ್ಟಿದ್ದೆವು, ಕೀಳಲು ಬರಲಿಲ್ಲ.

ಬಂಗಾರಪೇಟೆ ಕಡೆಯ ಹಳ್ಳಿಯಿಂದ ಬಂದ ಮಗುವಿನ ಅಜ್ಜಿ ಅದರ ಕೋಣದ ಕೊಂಬು ನೋಡಿ ಬಾಗಿಲಲ್ಲೇ ನಿಂತರು.

"ಇದ್ಯಾರ್ ಕುರ್ಚಿ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಯಮಂದು, ಅಜ್ಜಿ."

"ಎಸ್ರಿಡೋ ದಿನ ಯಮನ್ ಮುಂದೆ ತೊಟ್ಲು ಕಟ್ಟಿಸ್ತೀರೇನಪ್ಪಾ?"

ಎಲ್ಲರೂ ವಾಪಸ್ ಹೊರಡುತ್ತಾರೆ ಅಂದುಕೊಂಡೆ. ಅಷ್ಟರಲ್ಲಿ ಡೇರಿಗೆ ಹಾಲು ಹಾಕಿ ಬಂದ ಚಲಪತಿ, ಅಂದರೆ ನಮ್ಮ ಯಮ, ಹೆಗಲ ಟವೆಲ್‌ನಿಂದ ಸಿಂಹಾಸನ ಒರೆಸಿದ. "ಸಾಯಂಕಾಲದವರ್ಗೂ ನಂಗೆ ರಜಾ ಕಣಮ್ಮ. ನೀವೇ ಕುಂತ್ಕಳಿ."

ಮಂಡಿನೋವಿನ ಅಜ್ಜಿ ಎರಡು ಸಲ ಯೋಚಿಸಿ ಕೂತರು. ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದ್ದೂ ಅಲ್ಲಿಂದಲೇ. ಹೊರಡುವಾಗ ಚಲಪತಿಯ ಕೈಗೆ ಎರಡು ಒಬ್ಬಟ್ಟು ಇಟ್ಟು ಹೇಳಿದರು: "ಈ ಎಸ್ರು ಮಾತ್ರ ನಿನ್ ಪುಸ್ತಕದಾಗೆ ಬರ್ಕೋಬ್ಯಾಡಪ್ಪಾ."

ಅವನೆಲ್ಲಿ ಬರೆದುಕೊಂಡಾನು? ನಮ್ಮ ಯಮನನ್ನು ಇಷ್ಟು ವರ್ಷ ಬದುಕಿಸಿಟ್ಟಿರುವುದೇ ಈ ಊರಿನ ಮಕ್ಕಳ ನಾಮಕರಣಗಳು.