ಗಂಡನ ಹೆಸರು ಕೇಳಿದ ಕೌಂಟರು

ಐದಕ್ಕೆ ಏಳುವುದು, ಆರಕ್ಕೆ ನಡಿಗೆ, ಎಂಟಕ್ಕೆ ತಿಂಡಿ, ಹತ್ತೂವರೆಗೆ ಗೇಟಿನ ಪಕ್ಕದ ಕಟ್ಟೆಯ ಮೇಲೆ ಪತ್ರಿಕೆ. ವಿಮಾನಪುರದ ಕಾರ್ಖಾನೆಯ ದಾಖಲೆ ವಿಭಾಗದಲ್ಲಿ ಮೂವತ್ತಾರು ವರ್ಷ ಕೆಲಸ ಮಾಡಿದವಳು ನಾನು. ನಿವೃತ್ತಿಯಾಗಿ ಎಷ್ಟು ವರ್ಷವಾದರೂ ಕಾರ್ಖಾನೆಯ ಸೈರನ್ನಿನ ಲೆಕ್ಕ ಮೈಯಿಂದ ಹೋಗಿಲ್ಲ. ಇಂದಿರಾನಗರದ ನಮ್ಮ ರಸ್ತೆಯಲ್ಲಿ ಈಗ ಮನೆಗಳಿಗಿಂತ ಆಫೀಸುಗಳೇ ಹೆಚ್ಚು. ಪಕ್ಕದ ಆಫೀಸನ್ನು ಗುಡಿಸಿ ಒರೆಸುವ ಹೆಣ್ಣುಮಗಳು ಅದೇ ಹತ್ತೂವರೆಗೆ ಡಬ್ಬಿ ತೆಗೆದುಕೊಂಡು ನನ್ನ ಕಟ್ಟೆಗೆ ಬರುತ್ತಾಳೆ. ಯಾದಗಿರಿ ಕಡೆಯವಳು. ಕೆ.ಆರ್. ಪುರದಲ್ಲಿ ಒಂದು ಬಾಡಿಗೆ ರೂಮು, ಸೆಂಟ್ರಿಂಗ್ ಕೆಲಸ ಮಾಡುವ ಗಂಡ, ಆರು ವರ್ಷದ ಮಗಳು. ಇಷ್ಟು ಅವಳ ಸಂಸಾರ.

ಒಂದು ಸೋಮವಾರ ಅವಳು ಡಬ್ಬಿ ಬಿಚ್ಚಲಿಲ್ಲ. ಲ್ಯಾಮಿನೇಷನ್ ಮಾಡಿಸಿದ ಒಂದು ಹಾಳೆಯನ್ನು ನನ್ನ ಪತ್ರಿಕೆಯ ಮೇಲಿಟ್ಟಳು.

"ಇದ್ರಾಗ ಏನ್ ತಪ್ಪದ ನೋಡ್ರಿ ಯವ್ವಾ. ಸಾಲ್ಯಾಗ ಇದು ನಡಿಯಂಗಿಲ್ಲ ಅಂದ್ರು."

ಮಗಳ ಜನನ ಪ್ರಮಾಣಪತ್ರ. ತಾಯಿಯ ಹೆಸರು ಓದಿದೆ, ಸರಿ ಅಂದಳು. ತಂದೆಯ ಹೆಸರು ಓದಿದೆ. ಅವಳು ಎರಡೂ ಕೈ ಬಾಯಿಗೆ ಒತ್ತಿಕೊಂಡಳು.

"ಅದು ನಮ್ಮಣ್ಣನ ಹೆಸರ್ರಿ!"

ಮಗುವಿನ ಸೋದರಮಾವ ಸರಕಾರದ ಕಾಗದದಲ್ಲಿ ಮಗುವಿನ ತಂದೆಯಾಗಿ ಕೂತಿದ್ದ. ಆರು ವರ್ಷದಿಂದ ಕೂತಿದ್ದ. ಇವಳಿಗೆ ಓದಲು ಬಾರದು, ಗಂಡನಿಗೆ ಸಹಿ ಮಾತ್ರ ಬರುತ್ತದೆ. ಕಾಗದಕ್ಕೆ ಪ್ಲಾಸ್ಟಿಕ್ ಹಾಕಿಸಿ ಟ್ರಂಕಿನ ತಳದಲ್ಲಿ ಭದ್ರವಾಗಿಟ್ಟಿದ್ದರು.

ಸರಕಾರಿ ಶಾಲೆಯ ಒಂದನೇ ತರಗತಿಯಲ್ಲಿ ಉಳಿದಿದ್ದು ಒಂದೇ ಸೀಟು. ತಂದೆಯ ಆಧಾರಿಗೂ ಈ ಪತ್ರಕ್ಕೂ ತಾಳೆಯಾಗದು, ಶನಿವಾರದೊಳಗೆ ತಿದ್ದಿಸಿ ತನ್ನಿ, ಇಲ್ಲದಿದ್ದರೆ ಪಟ್ಟಿಯಲ್ಲಿ ಮುಂದಿನ ಮಗುವಿಗೆ ಕೊಡುತ್ತೇವೆ ಎಂದಿದ್ದರಂತೆ. ಆ ಶಾಲೆ ಇವರ ರೂಮಿನ ಗಲ್ಲಿಯ ಕೊನೆಯಲ್ಲೇ ಇದೆ. ಬೇರೆ ಶಾಲೆ ಬೇಕೆಂದರೆ ಹೆದ್ದಾರಿ ದಾಟಬೇಕು. ಅಪ್ಪ ಅಮ್ಮ ಇಬ್ಬರೂ ಏಳಕ್ಕೇ ಕೆಲಸಕ್ಕೆ ಹೊರಡುವವರು. ಆರು ವರ್ಷದ ಮಗು ಒಂಟಿಯಾಗಿ ಕೆ.ಆರ್. ಪುರದ ಹೆದ್ದಾರಿ ದಾಟುವುದೆಂದರೆ ಏನೆಂದು ಅಲ್ಲಿ ಒಮ್ಮೆ ನಿಂತು ನೋಡಿದವರಿಗೆ ನಾನು ಹೇಳಬೇಕಿಲ್ಲ. ಹಾಗಾಗಿ ಆ ಸೀಟು ಹೋದರೆ ಮಗುವಿಗೆ ಒಂದು ವರ್ಷ ಶಾಲೆಯೇ ಇಲ್ಲ.

ಹೇಗೆ ಆಯಿತು ಎಂದು ಕೇಳಿದೆ. ಆರು ವರ್ಷದ ಹಿಂದೆ ಶಿವಾಜಿನಗರದ ಕಡೆಯ ಒಂದು ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ. ಗಂಡ ಹೊಸಕೋಟೆ ಕಡೆ ಕೆಲಸದಲ್ಲಿದ್ದ, ಕರೆತಂದವನು ಅಣ್ಣ. ಕೌಂಟರಿನಲ್ಲಿ ಗಂಡನ ಹೆಸರು ಕೇಳಿದರು. ಇವಳು ನೋವಿನಲ್ಲಿ ನೆಲ ನೋಡುತ್ತ ನಿಂತಳು. "ಯಾವ ಭಾಷೆಯಮ್ಮಾ ನಿಂದು? ತೆಲುಗಾ?" ಎಂದರಂತೆ. ಇನ್ನೊಮ್ಮೆ ಕೇಳಿದರು, ಮತ್ತೆ ಮೌನ. ಕೊನೆಗೆ ಪಕ್ಕದಲ್ಲಿದ್ದ ಗಂಡಸಿನತ್ತ ತಿರುಗಿ "ನಿನ್ ಹೆಸರೇನಪ್ಪಾ?" ಎಂದರು. ಅವನು ತನ್ನ ಹೆಸರು ಹೇಳಿದ. ಕೇಳಿದ್ದಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟ. ನೀನು ಇವಳಿಗೆ ಏನಾಗಬೇಕು ಎಂದು ಯಾರೂ ಕೇಳಲಿಲ್ಲ. ಬರೆದದ್ದನ್ನು ಯಾರೂ ಓದಿ ಹೇಳಲಿಲ್ಲ.

"ನೀನು ಯಾಕೆ ಹೇಳಲಿಲ್ಲ?" ಎಂದು ನಾನು ರೇಗಿದೆ.

"ಹೆಂಗ ಹೇಳ್ಲಿ ಯವ್ವಾ? ಗಂಡನ ಹೆಸರು ಬಾಯ್ಲೆ ಹೇಳ್ತಾರೇನು?"

"ಇದು ಯಾವ ಕಾಲ? ಇಷ್ಟು ದೊಡ್ಡ ಊರಿನಲ್ಲಿದ್ದುಕೊಂಡು!"

ಅವಳು ನನ್ನತ್ತ ತಿರುಗಿದಳು. "ನೀವು ನಿಮ್ಮ ಮನಿಯವ್ರನ್ನ ಏನಂತ ಕರೀತಿದ್ರಿ?"

ನಲವತ್ತೊಂದು ವರ್ಷ ಅವರನ್ನು "ರೀ" ಎಂದೇ ಕರೆದವಳು ನಾನು.

"ಬರೇ ರೀ ಅಂತಿದ್ರಿ, ಹೌದಿಲ್ಲೋ? ಅಂದ್ರ ನಿಮಗೂ ನಾಲಿಗಿ ಏಳ್ಲಿಲ್ಲ. ನನಗಽ ಬೈತೀರಿ."

ಅವಳು ಹೇಳಿದ್ದು ಸರಿ. ನಮ್ಮ ತಾಯಿಯೂ ತಂದೆಯವರ ಹೆಸರನ್ನು ಒಮ್ಮೆಯೂ ಹೇಳಿದವರಲ್ಲ. ಹಲಸೂರಿನ ರೇಷನ್ ಅಂಗಡಿಯ ಗುಮಾಸ್ತರಿಗೆ ಅದು ತಿಳಿದಿತ್ತು. ಅವರು ತಾಯಿಯನ್ನು ಕೇಳುತ್ತಲೇ ಇರಲಿಲ್ಲ, ಕಾರ್ಡು ಈಸಿಕೊಂಡು ತಾವೇ ಓದುತ್ತಿದ್ದರು. ಆ ಗುಮಾಸ್ತರ ಮನೆಮಾತು ತಮಿಳು. ಒಂದೇ ಒಂದು ಪ್ರಶ್ನೆಯನ್ನು ಕೇಳದೆ ಬಿಡುವ ತಿಳಿವಳಿಕೆ ಅವರಿಗಿತ್ತು. ಅದು ಯಾವ ಭಾಷೆಯ ಪಾಠದಲ್ಲೂ ಸಿಗುವಂಥದ್ದಲ್ಲ.

ಮಂಗಳವಾರ ಇಬ್ಬರೂ ಆಸ್ಪತ್ರೆಗೆ ಹೋದೆವು. ಅವಳು ಅರ್ಧ ದಿನದ ರಜೆ ಹಾಕಿದ್ದಳು. ಕೌಂಟರಿನ ಹೆಂಗಸು ಬಲು ಚುರುಕು. ನಮ್ಮ ಮುಂದಿದ್ದ ಮುದುಕಿಯ ಜೊತೆ ತಮಿಳಿನಲ್ಲಿ ಮಾತಾಡಿದಳು, ಅವರ ಹಿಂದಿದ್ದ ಬುರ್ಖಾದ ಹುಡುಗಿಯ ಜೊತೆ ದಖನಿ ಉರ್ದುವಿನಲ್ಲಿ. ಕಂಟೋನ್ಮೆಂಟಿನಲ್ಲಿ ಬೆಳೆದವರಿಗೆ ನಾಲ್ಕು ಭಾಷೆ ನಾಲಿಗೆಯ ತುದಿಯಲ್ಲಿರುತ್ತವೆ, ಅದನ್ನು ನಾನು ಮೆಚ್ಚುತ್ತೇನೆ. ನಮ್ಮ ಸರದಿ ಬಂತು. ಇವಳು "ನಮ್ ಕೂಸಿನ ಕಾಗದದಾಗ ತಪ್ಪಾಗ್ಯಾದ್ರಿ" ಎಂದಳು. ಆ ಹೆಂಗಸು ನನ್ನತ್ತ ತಿರುಗಿ, "ಇವರಿಗೆ ಕನ್ನಡ ಬರಲ್ವಾ ಮೇಡಂ?" ಎಂದು ಕೇಳಿದಳು.

"ಇವರು ಮಾತಾಡಿದ್ದೇ ಕನ್ನಡ," ಎಂದೆ. "ಇನ್ನೊಮ್ಮೆ ಕೇಳಿಸಿಕೊಳ್ಳಿ."

ಹೊರಗಿನಿಂದ ಬಂದವರು ಕನ್ನಡ ಕಲಿಯುವುದಿಲ್ಲ ಎಂದು ಈ ಊರಿನಲ್ಲಿ ದಿನಾ ಜಗಳ ಕೇಳುತ್ತೇವೆ. ನಾನೂ ಆಡಿದ್ದೇನೆ. ಆದರೆ ಈ ಪ್ರಕರಣದಲ್ಲಿ ಕನ್ನಡ ಬಾರದವರು ಯಾರೂ ಇರಲಿಲ್ಲ. ಕೇಳಿದವರದೂ ಕನ್ನಡ, ಕೇಳಿಸಿಕೊಂಡವಳದೂ ಕನ್ನಡ. ನೂರಡಿ ರಸ್ತೆಯ ಹೋಟೆಲಿನವರು ಯಾವ ದೇಶದವನು ಬಂದರೂ ಅವನಿಗೆ ಊಟದ ಪಟ್ಟಿ ತಿಳಿಯುವಂತೆ ಮಾಡುತ್ತಾರೆ, ಅವನು ದುಡ್ಡು ಕೊಡುತ್ತಾನೆ. ಇದೇ ರಾಜ್ಯದ ಹೆಣ್ಣುಮಗಳ ಮಾತು ಸರಕಾರದ ಕಿಟಕಿಯೊಳಗೆ ಹೋಗುವುದಿಲ್ಲ, ಅವಳ ಮೌನವಂತೂ ಹೋಗುವುದೇ ಇಲ್ಲ.

ಎರಡು ಗಂಟೆ ನಿಂತ ಮೇಲೆ ಒಂದು ಪತ್ರ ಸಿಕ್ಕಿತು. ಇಂಗ್ಲಿಷಿನಲ್ಲಿತ್ತು. ತಾಯಿಯೇ ಕೊಟ್ಟ ಹೇಳಿಕೆಯ ಪ್ರಕಾರ ದಾಖಲಿಸಲಾಗಿದೆ, ತಿದ್ದುಪಡಿ ನೋಂದಣಿ ಕಚೇರಿಗೆ ಬಿಟ್ಟದ್ದು ಎಂದಿತ್ತು. ತಾಯಿ ಯಾವ ಹೇಳಿಕೆಯನ್ನೂ ಕೊಟ್ಟಿರಲಿಲ್ಲ. ಅವಳ ಬಾಯಿಂದ ಬಾರದ ಮಾತನ್ನು ಅವಳ ತಲೆಗೆ ಕಟ್ಟಿದ್ದರು.

ಬುಧವಾರ ನೋಟರಿಯ ಬಳಿ ಅಫಿಡವಿಟ್. ಗುರುವಾರ ಬೆಳಗ್ಗೆ ನೋಂದಣಿ ಕಚೇರಿ. ಗಂಡನೂ ಕೂಲಿ ಬಿಟ್ಟು ಬಂದಿದ್ದ, ತೊಳೆದ ಅಂಗಿ ಹಾಕಿಕೊಂಡು, ಆಧಾರ್ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು. ಇವಳ ಕಾರ್ಡು ಮದುವೆಗೆ ಮುಂಚೆ ಊರಿನಲ್ಲಿ ಮಾಡಿಸಿದ್ದು, ಅದರಲ್ಲಿರುವುದು ತಂದೆಯ ಹೆಸರು. ಮೇಜಿನ ಹಿಂದಿದ್ದ ಗುಮಾಸ್ತ ಕಾಗದಗಳನ್ನೆಲ್ಲ ತಿರುವಿ ಹಾಕಿದ.

"ಅವತ್ತು ಹೇಳಿಕೆ ಕೊಟ್ಟಿದ್ದು ತಾಯಿ. ಇವತ್ತೂ ತಾಯಿನೇ ಹೇಳ್ಬೇಕು. ಹೇಳಮ್ಮ, ಗಂಡನ ಹೆಸರೇನು?"

ಅವಳು ನೆಲ ನೋಡಿದಳು.

"ಸಾಹೇಬ್ರ, ನನ್ ಹೆಸರು ನಾ ಹೇಳ್ತೀನಲ್ರಿ," ಎಂದ ಗಂಡ.

"ನೀವ್ ಸುಮ್ನಿರಿ. ನಿಮ್ಮನ್ನ ಕೇಳಿಲ್ಲ. ಏನಮ್ಮಾ, ಹೇಳು, ಹಿಂದೆ ಕ್ಯೂ ಇದೆ."

ಅವಳು ಗಂಡನ ಕೈಯಿಂದ ಕಾರ್ಡು ತೆಗೆದುಕೊಂಡು ಮೇಜಿನ ಮೇಲಿಟ್ಟು ಹೆಸರಿನ ಮೇಲೆ ಬೆರಳಿಟ್ಟಳು.

"ಕಾರ್ಡ್ ಓದೋಕೆ ನಂಗೂ ಬರತ್ತೆ. ಬಾಯಲ್ಲಿ ಹೇಳು. ಗಂಡನ ಹೆಸರೇ ಬರಲ್ಲ ಅಂದ್ರೆ ನಾನು ಏನು ಅಂದ್ಕೊಳ್ಲಿ? ಅವತ್ತೊಬ್ಬ, ಇವತ್ತೊಬ್ಬ."

ಗಂಡನ ಮುಖ ಕಪ್ಪಿಟ್ಟಿತು. ಅವನು ಒಂದು ಹೆಜ್ಜೆ ಮುಂದಿಟ್ಟ. ಅವಳು ಅವನ ಅಂಗಿಯ ತೋಳು ಹಿಡಿದು ನಿಲ್ಲಿಸಿದಳು. ನಾನು ಮೇಜಿನ ಮೇಲೆ ಅಂಗೈ ಬಡಿದೆ. ನನ್ನ ಜೀವಮಾನದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು.

"ಏನೆಂದಿರಿ? ಅದನ್ನೇ ಬರವಣಿಗೆಯಲ್ಲಿ ಕೊಡಿ. ಸಹಿ ಹಾಕಿ ಕೊಡಿ."

"ಮೇಡಂ, ನೀವ್ಯಾರು ಮಧ್ಯದಲ್ಲಿ?"

"ಓದು ಬರಹ ಬರುವವಳು."

ಅಷ್ಟರಲ್ಲಿ ಫೈಲುಗಳ ಕಟ್ಟು ಹೊತ್ತು ಒಳಗೆ ಬಂದ ಕಚೇರಿಯ ಆಯಾ ಕಟ್ಟನ್ನು ದಪ್ಪೆಂದು ಇಳಿಸಿದಳು. "ಸರ, ನಮ್ ಕಡಿ ಹೆಣ್ಮಕ್ಳು ಗಂಡನ ಹೆಸರು ಬರೇ ಬಾಯ್ಲೆ ಹೇಳಂಗಿಲ್ರಿ," ಎಂದಳು. ಅವಳು ಕಲಬುರಗಿಯವಳಂತೆ. ಆಮೇಲೆ ಇವಳತ್ತ ತಿರುಗಿ, "ತಂಗಿ, ಒಡಪು ಹಾಕಿ ಹೇಳು. ಒಡಪಿಗಿ ದೋಷ ಇಲ್ಲ," ಎಂದಳು.

ಒಡಪು ಎಂದರೇನೆಂದು ಗುಮಾಸ್ತನಿಗೆ ತಿಳಿಯದು, ಸರಿಯಾಗಿ ನನಗೂ ತಿಳಿದಿರಲಿಲ್ಲ. ಮದುವೆಯಲ್ಲಿ, ಸೀಮಂತದಲ್ಲಿ, ಹೊಸಿಲಲ್ಲಿ ಅಡ್ಡಗಟ್ಟಿ ಹೆಂಗಸರು ಮದುಮಗಳ ಬಾಯಿಂದ ಗಂಡನ ಹೆಸರು ಹೊರಡಿಸುತ್ತಾರಂತೆ. ಪ್ರಾಸ ಹಾಕಿದ ಎರಡು ಸಾಲು, ಅದರ ಕೊನೆಗೆ ಹೆಸರು. ಹಾಗೆ ಹೇಳಿದರೆ ಮರ್ಯಾದೆ ಮೀರಿದಂತಾಗದು. ಹೆಸರನ್ನು ಅಷ್ಟು ಅಕ್ಕರೆಯಿಂದ ಹೇಳುವ ದಾರಿಯೊಂದನ್ನು ಆ ಹೆಣ್ಣುಮಕ್ಕಳು ಎಂದೋ ಮಾಡಿಕೊಂಡಿದ್ದಾರೆ. ನಮ್ಮ ಅರ್ಜಿ ನಮೂನೆ ಬರೆದವರಿಗೆ ಅದು ಗೊತ್ತಿಲ್ಲ.

ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಕಚೇರಿಯಲ್ಲಿ ಎಲ್ಲರೂ ನೋಡುತ್ತಿದ್ದರು. ಸಣ್ಣ ದನಿಯಲ್ಲಿ, ಆದರೆ ತಡವರಿಸದೆ ಹೇಳಿದಳು:

"ತೊಗರಿ ಹೊಲದಾಗ ಹಳದಿ ಹೂವಿನ ಸಾಲು,
ನನ್ನ ಮಗಳ ಮಾರಿಯೊಳಗ ಇವರದಽ ಪಾಲು."

ಆಮೇಲೆ ಗಂಡನ ಹೆಸರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಗಂಡ ಗೋಡೆಯತ್ತ ಮುಖ ತಿರುಗಿಸಿಕೊಂಡ, ಕಿವಿ ಕೆಂಪಾಗಿತ್ತು. ಆಯಾ "ಭೇಷ್" ಎಂದಳು. ಗುಮಾಸ್ತ ಮಾತ್ರ ಹಲ್ಲು ಕಿರಿದ. ಸರದಿಯಲ್ಲಿದ್ದ ಒಬ್ಬ ಯುವಕ ಫೋನು ಮೇಲೆತ್ತಿದ.

"ಆಂಟಿ, ಸೂಪರ್! ಇನ್ನೊಂದ್ಸಲ ಹೇಳಿ, ರೀಲ್ ಮಾಡ್ಕೋತೀನಿ."

"ಹೌದಮ್ಮ, ಇನ್ನೊಂದ್ಸಲ ಹೇಳು," ಎಂದ ಗುಮಾಸ್ತನೂ. "ನಾನೂ ಸರಿಯಾಗಿ ಬರ್ಕೋಬೇಕು."

ಅವಳು ಸೆರಗಿನೊಳಗಿಂದ ತಲೆಯೆತ್ತಿದಳು. "ಯಾಕ ತಮ್ಮಾ, ನಿಮ್ಮವ್ವಗೂ ಒಬ್ಬ ಗಂಡ ಅದಾನಲ್ಲ? ಮನಿಗಿ ಹೋಗಿ ಆಕಿ ಬಾಯ್ಲೆ ಕೇಳು." ಸರದಿ ಗೊಳ್ಳೆಂದು ನಕ್ಕಿತು, ಫೋನು ಕೆಳಗಿಳಿಯಿತು. ಆಮೇಲೆ ಗುಮಾಸ್ತನಿಗೆ, "ಒಮ್ಮಿ ಹೇಳೀನ್ರಿ. ಕೂಸಿನ ಸಲುವಾಗಿ ಹೇಳೀನಿ. ನಿಮ್ಮ ತಮಾಷಿಗಿ ಹೇಳಂಗಿಲ್ಲ," ಎಂದಳು.

"ಅಕ್ಷರಕ್ಕೆ ಕಾರ್ಡಿದೆ, ಹೇಳಿಕೆಯನ್ನು ಇಷ್ಟು ಜನ ಕೇಳಿದ್ದಾರೆ," ಎಂದು ನಾನು ಸೇರಿಸಿದೆ. "ಬರೆಯಿರಿ."

ಬರೆದ. ಆದರೆ ಪತ್ರಕ್ಕೆ ಸೋಮವಾರ ಬನ್ನಿ ಎಂದ. ಶನಿವಾರ ಶಾಲೆಯ ಕೊನೆಯ ದಿನ ಎಂದೆ. ಅದು ನಮ್ಮ ಇಲಾಖೆಗೆ ಸಂಬಂಧಿಸಿದ್ದಲ್ಲ ಎಂದ. ನಾನು ಅವನ ಎದುರಿನ ಬೆಂಚಿನ ಮೇಲೆ ಕೂತೆ. ಅವರಿಬ್ಬರನ್ನೂ ಕೆಲಸಕ್ಕೆ ಕಳಿಸಿದೆ, ಎರಡು ಕೂಲಿ ಹಾಳಾಗಿದ್ದು ಸಾಕು. ಮಧ್ಯಾಹ್ನದ ಊಟವಿಲ್ಲ, ಒಂದು ಗಂಟೆಯ ಮಾತ್ರೆಯೂ ತಪ್ಪಿತು. ಕಚೇರಿ ಮುಚ್ಚುವವರೆಗೆ ಕೂತೆ, ಶುಕ್ರವಾರ ಅವರು ಬಾಗಿಲು ತೆರೆಯುವ ಮೊದಲೇ ಹೋಗಿ ಮತ್ತೆ ಕೂತೆ. ಆಯಾ ಎರಡು ಸಲ ಟೀ ತಂದುಕೊಟ್ಟು, "ಇನ್ನಾ ಸ್ವಲ್ಪ ಕುಂದುರ್ರಿ, ಒಳಗ ಸಹಿಗಿ ಹೋಗ್ಯಾದ," ಎಂದು ಸುದ್ದಿ ಮುಟ್ಟಿಸಿದಳು. ನಾಲ್ಕು ಗಂಟೆಗೆ ತಿದ್ದಿದ ಪತ್ರ ನನ್ನ ಕೈಗೆ ಬಂತು. ಅಲ್ಲೇ ನಿಂತು ಪ್ರತಿ ಅಕ್ಷರ ಓದಿ ನೋಡಿ ಆಮೇಲೆ ಹೊರಟೆ.

ಪತ್ರ ಹೀಗೆ ಬಂದದ್ದಕ್ಕೆ ನನಗೆ ಸಂತೋಷವಿಲ್ಲ. ಬೆಂಚಿನ ಮೇಲೆ ಎರಡು ದಿನ ಕೂರಲು ಪಿಂಚಣಿ ಇರುವ ಮುದುಕಿ ಎಷ್ಟು ಜನರಿಗೆ ಸಿಗುತ್ತಾಳೆ? ಬಾಣಸವಾಡಿಯಿಂದ ಹೊಸಕೋಟೆಯವರೆಗೆ ಕಟ್ಟಡ ಏಳುತ್ತಿರುವ ಕಡೆಯಲ್ಲೆಲ್ಲ ಯಾದಗಿರಿ, ರಾಯಚೂರು, ಕಲಬುರಗಿಯ ಜನರಿದ್ದಾರೆ. ಅವರ ಟ್ರಂಕುಗಳ ತಳದಲ್ಲಿ ಯಾರ ಯಾರ ಹೆಸರು ಯಾರ ಯಾರ ಜಾಗದಲ್ಲಿ ಕೂತಿದೆಯೋ. ಆಸ್ಪತ್ರೆಗೆ ಕಾಗದ ಬರೆದಿದ್ದೇನೆ. ಜೊತೆಗೆ ಬಂದ ಗಂಡಸನ್ನು "ನೀವು ಇವರಿಗೆ ಏನಾಗಬೇಕು" ಎಂದು ಕೇಳಿ, ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ ಎಂಬ ಎರಡೇ ಕೋರಿಕೆ. ಇಂಗ್ಲಿಷಿನಲ್ಲಿ ಬರೆಯಿರಿ ಎಂದರು. ಕನ್ನಡದಲ್ಲೇ ಮತ್ತೊಮ್ಮೆ ಕಳಿಸಿದ್ದೇನೆ, ಉತ್ತರ ಬಂದಿಲ್ಲ.

ಶನಿವಾರ ನಾನೂ ಶಾಲೆಗೆ ಹೋದೆ. ಕಾಗದ ತೋರಿಸಿ ಮಾತಾಡಬೇಕಾಗಿ ಬಂದರೆ ಇರಲಿ ಎಂದು. ಮೇಜಿನ ಹಿಂದಿದ್ದ ಮೇಷ್ಟರು ಹೊಸ ಪತ್ರ ನೋಡಿದರು, ತಾಯಿಯನ್ನು ನೋಡಿದರು. ಏನು ಕೇಳುತ್ತಾರೋ ಎಂದು ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ. ಅವರು ತಾಯಿಯನ್ನು ಕೇಳಲಿಲ್ಲ. ಮೇಜಿನ ಅಂಚಿಗೆ ಗಲ್ಲವೂರಿ ನಿಂತಿದ್ದ ಮಗುವಿನತ್ತ ಬಾಗಿ, "ಅಪ್ಪನ ಹೆಸರೇನಮ್ಮಾ?" ಎಂದರು.

ಮಗು ಅಪ್ಪನ ಹೆಸರನ್ನು ಕೋಣೆಯೆಲ್ಲ ಕೇಳುವಂತೆ ಕೂಗಿ ಹೇಳಿತು. ತಾಯಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಮೇಷ್ಟರು ಬರೆದುಕೊಂಡು, ಬರೆದದ್ದನ್ನು ಓದಿ ಹೇಳಿ, ಮುಂದಿನವರನ್ನು ಕರೆದರು. ಒಂದು ನಿಮಿಷವೂ ಹಿಡಿಯಲಿಲ್ಲ.