ಅಪ್ಪನ ಏಟು, ನೋವಿನ ಏಟು

ಆ ಬೆಳಿಗ್ಗೆ ಅಪ್ಪ ಎಸೆದ ಹಿತ್ತಾಳೆ ಚೊಂಬು ಅಮ್ಮನ ಭುಜಕ್ಕೆ ಬಡಿದು, ಗೋಡೆಗೆ ತಾಗಿ, ನನ್ನ ಕಾಲ ಬಳಿ ಬಂದು ಬಿತ್ತು. ಒದ್ದೆಯಾದ ಪಂಚೆ ಬದಲಾಯಿಸಲು ಅಮ್ಮ ಹಾಸಿಗೆ ಹಿಡಿದಿದ್ದ ಅವನನ್ನು ಮಗ್ಗುಲಿಗೆ ಹೊರಳಿಸಿದ್ದಳು, ಅಷ್ಟೇ. ಚೊಂಬು ಸಾಲದೆ ಅವಳ ತೋಳು ಹಿಡಿದು ತಿರುಚಿದ, ಬೆರಳು ಕಚ್ಚಿದ, ಅವಳ ತವರಿನವರನ್ನೆಲ್ಲಾ ಸೇರಿಸಿ ತೆಲುಗಿನಲ್ಲಿ ಬೈದ. ನಮ್ಮ ಮನೆಯಲ್ಲಿ ಮಾತು ಕನ್ನಡ, ಬೈಗುಳ ತೆಲುಗು. ನಾನು ಚೊಂಬು ಎತ್ತಿಕೊಂಡೆ. ಅದರಲ್ಲೇ ಅವನ ತಲೆಗೆ ಬಾರಿಸಬೇಕು ಅನ್ನಿಸಿತು. ಬಾರಿಸಲಿಲ್ಲ, ನೀರು ತುಂಬಿ ಇಟ್ಟೆ.

ಅಪ್ಪ ಶಿವಾರಪಟ್ಟಣದಲ್ಲಿ ದೇವರ ವಿಗ್ರಹ ಕೆತ್ತುತ್ತಿದ್ದವನು. ಅವನು ಮಾಡಿದ ಗಣಪತಿಗಳು ಎಷ್ಟೋ ಊರುಗಳಲ್ಲಿ ಪೂಜೆ ಮಾಡಿಸಿಕೊಳ್ಳುತ್ತಿವೆ. ಕಲ್ಲಿನ ಮೇಲೆ ಹಗುರಾಗಿ ಆಡುತ್ತಿದ್ದ ಆ ಕೈ ಮನೆಯಲ್ಲಿ ಮಾತ್ರ ಭಾರ. ಸಾರಿಗೆ ಉಪ್ಪು ಹೆಚ್ಚಾದರೆ ಏಟು, ಕಡಿಮೆಯಾದರೆ ಏಟು, ಸರಿಯಾಗಿದ್ದರೆ ಮುಖ ಯಾಕೆ ಹಾಗಿದೆ ಎಂದು ಏಟು. ಬೀದಿಯಲ್ಲಿ ಎಲ್ಲರಿಗೂ ಕೇಳಿಸುತ್ತಿತ್ತು. ಕಲ್ಲು ಕುಟ್ಟುವ ಸದ್ದಿನಂತೆ ಅದಕ್ಕೂ ಎಲ್ಲರೂ ಒಗ್ಗಿಹೋಗಿದ್ದರು.

ಬೀಡಿಯೋ ಕಲ್ಲಿನ ಪುಡಿಯೋ, ಶ್ವಾಸಕೋಶದಲ್ಲಿ ಕ್ಯಾನ್ಸರ್ ಹುಟ್ಟಿ ಬೆನ್ನುಮೂಳೆಗೆ ಇಳಿಯಿತು. ಇನ್ನು ಗುಣವಾಗುವುದಿಲ್ಲ, ನೋವು ಕಡಿಮೆ ಮಾಡುವುದಷ್ಟೇ ನಮ್ಮ ಕೈಲಿದೆ ಎಂದು ಕೋಲಾರದ ಡಾಕ್ಟರು ಮನೆಗೆ ಕಳಿಸಿದರು. ಮಾಲೂರಿನ ಕಾರ್ಖಾನೆಯ ಕೆಲಸಕ್ಕೆ ರಜೆ ಹಾಕಿ ಮಗಳು ನಾನು ಬಂದೆ. ಅಪ್ಪನಿಗಾಗಿ ಅಲ್ಲ. ಅಮ್ಮನೊಬ್ಬಳೇ ಅವನ ಕೈಗೆ ಸಿಗಬಾರದು ಎಂದು ಬಂದೆ.

ವಾರಕ್ಕೊಮ್ಮೆ ಕೋಲಾರದಿಂದ ವ್ಯಾನಿನಲ್ಲಿ ಒಬ್ಬ ನರ್ಸ್ ಬರುತ್ತಿದ್ದಳು. "ಯಜಮಾನ್ರೇ, ನೋವು ಹತ್ತಕ್ಕೆ ಎಷ್ಟಿದೆ?" ಎಂದು ಕೇಳುತ್ತಿದ್ದಳು. ಅಪ್ಪ ಪ್ರತಿ ಸಲವೂ "ಎರಡು ಅಂತ ಇಟ್ಕೊಳಮ್ಮ" ಅನ್ನುತ್ತಿದ್ದ. ಹೆಬ್ಬೆರಳ ಮೇಲೆ ಸುತ್ತಿಗೆ ಬಿದ್ದು ಉಗುರು ಕಿತ್ತುಬಂದಾಗಲೂ ಬಟ್ಟೆ ಸುತ್ತಿಕೊಂಡು ಕೆತ್ತುತ್ತಾ ಕೂತ ಮನುಷ್ಯ. ಒಂದು ಹೆಣ್ಣುಮಗಳ ಮುಂದೆ ನೋವು ಅಂದುಬಿಟ್ಟರೆ ಮರ್ಯಾದೆ ಏನಾಗಬೇಕು? ಅವನು ಎರಡು ಅಂದ, ಎರಡಕ್ಕೆ ತಕ್ಕ ಸಣ್ಣ ಮಾತ್ರೆ ಸಿಕ್ಕಿತು.

ಚೊಂಬು ಹಾರಿದ ದಿನವೇ ನರ್ಸ್ ಬಂದಳು. ಅಪ್ಪ ಮತ್ತೆ ಎರಡು ಅಂದ. ಅವಳಿಗೆ ನಂಬಿಕೆ ಬರಲಿಲ್ಲವೇನೋ, ನನ್ನನ್ನು ಪಡಸಾಲೆಗೆ ಕರೆದು, "ಕೂಗಾಡ್ತಾರಾ? ಕೈ ಮಾಡ್ತಾರಾ?" ಎಂದು ಕೇಳಿದಳು.

"ನಮ್ಮಪ್ಪನ ಬುದ್ಧೀನೇ ಅದು ಸಿಸ್ಟರ್. ನಾನು ಹುಟ್ಟಿದಾಗಿಂದ ನೋಡ್ತಿದ್ದೀನಿ. ಕಾಯಿಲೆ ಬಂದ್ಮೇಲೆ ಕಲ್ತಿದ್ದಲ್ಲ."

ಅಡುಗೆಮನೆಯಿಂದ ಅಮ್ಮ ಬಂದಳು. ಸೆರಗು ಸರಿಸಿ, ರವಿಕೆಯ ತೋಳನ್ನು ಮೇಲಕ್ಕೆಳೆದು ತೋರಿಸಿದಳು. ಭುಜದಿಂದ ಮೊಣಕೈಯವರೆಗೆ ನೀಲಿ, ಹಸಿರು, ಹಳದಿ. ನನ್ನಿಂದಲೂ ಮುಚ್ಚಿಟ್ಟಿದ್ದಳು.

"ಮೊದಲು ನನ್ನ ಮುಖ ನೋಡಿ ಹೊಡೀತಿದ್ರು. ಹೊಡೆದು ಬಿಟ್ಬಿಡ್ತಿದ್ರು," ಅಂದಳು ಅಮ್ಮ. "ಈಗ ಮಗ್ಗುಲು ತಿರುಗಿಸಿದ್ರೆ ಸಾಕು, ಕಣ್ಣು ಮುಚ್ಕೊಂಡು ಹೊಡೀತಾರೆ. ಹಿಡಿದ್ರೆ ಬಿಡಲ್ಲ. ನಾನು ಅಂತಾನೂ ಗೊತ್ತಾಗಲ್ಲ ಅವರಿಗೆ." ಆಮೇಲೆ ನನ್ನ ಕಡೆ ತಿರುಗಿದಳು. "ಇದು ನಿಮ್ಮಪ್ಪನ ಏಟಲ್ಲ ಕಣೇ. ನೋವಿನ ಏಟು."

ನರ್ಸ್ ಒಳಗೆ ಹೋಗಿ ಮಂಚದ ಪಕ್ಕ ಕೂತಳು. "ಯಜಮಾನ್ರೇ, ನಿಮ್ಮ ಹೆಂಡ್ತಿ ತೋಳು ನೋಡಿದೆ. ಅದು ಎರಡು ಅಂತ ಹೇಳ್ತಿಲ್ಲ."

ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿಕೊಂಡು, "ಹತ್ತು" ಅಂದ.

ಅವಳು ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದಳು. ನಾನು ಕೋಲಾರಕ್ಕೆ ಹೋಗಿ ಮಾರ್ಫಿನ್ ಮಾತ್ರೆ ತಂದೆ. ನೋವು ಇರಲಿ ಬಿಡಲಿ, ನಾಲ್ಕು ಗಂಟೆಗೊಮ್ಮೆ ಕೊಡಬೇಕು. ಮಲ ಕಟ್ಟದಂತೆ ಬೇರೆ ಔಷಧಿಯನ್ನೂ ಕೊಡಬೇಕು. ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ಹೊಟ್ಟೆ ಉರಿಯುತ್ತಿತ್ತು. ಇವನ ನೋವಿಗೆ ನರ್ಸ್ ಇದ್ದಾಳೆ, ವ್ಯಾನ್ ಇದೆ, ಗಡಿಯಾರ ನೋಡಿ ಕೊಡುವ ಮಾತ್ರೆ ಇದೆ. ಇಷ್ಟು ವರ್ಷ ಅಮ್ಮ ತಿಂದ ಏಟಿಗೆ ಯಾವ ವ್ಯಾನ್ ಬಂದಿತ್ತು? ಆದರೂ ಮಾತ್ರೆಯ ಪೊಟ್ಟಣವನ್ನು ಮಡಿಲಲ್ಲಿ ಭದ್ರವಾಗಿ ಹಿಡಿದುಕೊಂಡೇ ಕೂತಿದ್ದೆ.

ಡಾಕ್ಟರು ಎರಡು ಸಲ ಪ್ರಮಾಣ ಏರಿಸಿದ ಮೇಲೆ ಅಪ್ಪ ನಿದ್ದೆ ಮಾಡಿದ. ರಾಗಿ ಗಂಜಿ ಕುಡಿದ. ಮಗ್ಗುಲು ತಿರುಗಿಸಿದರೆ ಸಣ್ಣಗೆ ನರಳುತ್ತಿದ್ದ, ಅಷ್ಟೇ. ಅಮ್ಮನ ತೋಳಿನ ಹಳದಿಯೂ ಮಾಸುತ್ತಾ ಬಂತು.

ಒಂದು ದಿನ ಬೆಳಿಗ್ಗೆ ಅಮ್ಮ ಟೀ ಕುಡಿಸಲು ಅವನನ್ನು ದಿಂಬಿಗೆ ಒರಗಿಸಿದಳು. ಅಪ್ಪ ಒಂದು ಗುಟುಕು ಕುಡಿದು ಲೋಟ ತಳ್ಳಿದ. ಕಣ್ಣು ಬಿಟ್ಟು, ನೆಟ್ಟಗೆ ಅವಳ ಮುಖ ನೋಡಿ, ಕೆನ್ನೆಗೆ ಹೊಡೆದ. "ಆರಿಹೋಗಿದೆ ಕಣೇ, ಕತ್ತೆ" ಅಂದ.

ಅಮ್ಮ ಕೆನ್ನೆ ಹಿಡಿದುಕೊಂಡು ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಮಾಧಾನವಿತ್ತು, ನಾನು ಕಣ್ಣಾರೆ ಕಂಡೆ. "ನೋಡಿದ್ಯೇನೇ, ಮುಖ ನೋಡಿ ಹೊಡೆದ್ರು. ನೋವಿಲ್ಲ ಅವರಿಗೆ."

ನನಗೆ ಮೈಯೆಲ್ಲಾ ಬೆಂಕಿ ಬಿದ್ದಂತಾಯಿತು. ಅಪ್ಪನ ಕೈ ಮತ್ತೆ ಮೇಲೇಳುತ್ತಿತ್ತು. ನಾನು ಮಣಿಕಟ್ಟನ್ನು ಹಿಡಿದುಕೊಂಡೆ.

"ಬಿಡೇ."

"ಬಿಡಲ್ಲ. ನೋವಿನ ಏಟು ತಿಂದಿದ್ದಾಯ್ತು. ನಿನ್ನ ಏಟು ಇನ್ನು ತಿನ್ನಲ್ಲ ಅವಳು."

ಅವನು ಕೊಸರಿಕೊಂಡ. ನಾನು ಇನ್ನೂ ಬಿಗಿಯಾಗಿ ಹಿಡಿದೆ. ಆಗ ಅವನ ಕಣ್ಣು ನನ್ನ ಮುಖ ಬಿಟ್ಟು ಕಿಟಕಿಯಲ್ಲಿದ್ದ ಮಾತ್ರೆ ಡಬ್ಬಿಯ ಕಡೆ ಹೋಯಿತು. ಅಲ್ಲೇ ನಿಂತಿತು. ಎಲ್ಲಿ ಮಾತ್ರೆ ಕೊಡುವುದಿಲ್ಲವೋ ಎಂದು, ಜೀವಮಾನದಲ್ಲಿ ಮೊದಲ ಸಲ ನಮ್ಮಪ್ಪ ನನಗೆ ಹೆದರಿದ್ದ. ಅದು ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಮಾತ್ರೆಯ ಹೊತ್ತಾಗಿತ್ತು. ಹಿಡಿದ ಕೈ ಬಿಡದೆಯೇ, ಇನ್ನೊಂದು ಕೈಯಿಂದ ಮಾತ್ರೆ ತೆಗೆದು ಅವನ ಬಾಯಿಗೆ ಹಾಕಿದೆ.